ಹನ್ನೊಂದು ಗಂಟೆಯ ಖಾಲಿ ಕುರ್ಚಿ

“ಗುರುಗಳೇ, ಏನನ್ನೂ ಮಾಡದೆ ಸುಮ್ಮನಿದ್ದವನಿಗೂ ದೋಷ ತಟ್ಟುತ್ತದೆಯೇ?” ಎಂದು ಶಿಷ್ಯ ಮೃತ್ಯುಂಜಯ ಕೇಳಿದನು.

ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಹಿಂದಿನ ದಿನ ಮಠದ ಆಡಳಿತದವರು, ಉಗ್ರಾಣದ ತುಪ್ಪ ಕಾಣೆಯಾದ ಬಗ್ಗೆ ವಿಚಾರಣೆ ನಡೆಸಿದ್ದರು. ಆರೋಪ ಅಡುಗೆಯ ಈರಯ್ಯನ ಮೇಲಿತ್ತು. ತುಪ್ಪ ಹೊತ್ತೊಯ್ದವರು ಬೇರೆಯವರು. ಅದನ್ನು ಕಣ್ಣಾರೆ ಕಂಡವನು ಮೃತ್ಯುಂಜಯ ಒಬ್ಬನೇ. ಸಾಕ್ಷಿಗೆ ಅವನ ಹೆಸರನ್ನು ಕರೆದಾಗ ಅವನು ಹೊಳೆಗೆ ಸ್ನಾನಕ್ಕೆ ಹೋಗಿದ್ದನು. ಈರಯ್ಯನನ್ನು ಕೆಲಸದಿಂದ ತೆಗೆದರು.

ಗುರುಗಳು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. “ಕುಳಿತುಕೋ. ನಡುವೆ ಬಾಯಿ ಹಾಕಬೇಡ,” ಎಂದು ಹೇಳತೊಡಗಿದರು.

ಒಬ್ಬ ಅಂಚೆಯವನಿದ್ದನು. ಇಪ್ಪತ್ತೆರಡು ವರ್ಷ ಆರು ಹಳ್ಳಿಗಳಿಗೆ ಕಾಗದ ಹಂಚಿದನು. ಒಂದು ಕಾಗದವನ್ನೂ ಒಂದು ದಿನ ತಡೆದವನಲ್ಲ. ಓದಲು ಬಾರದವರಿಗೆ ಓದಿ ಹೇಳುತ್ತಿದ್ದನು. ಬರೆಯಲು ಬಾರದವರಿಗೆ ಬರೆದುಕೊಡುತ್ತಿದ್ದನು. ಜನ ಅವನನ್ನು ಅಂಚೆಯಣ್ಣ ಎಂದು ಕರೆದರು. ಕೆಲಸ ಬಿಡಿಸಿ ಚುನಾವಣೆಗೆ ನಿಲ್ಲಿಸಿದರು. ಠೇವಣಿಯನ್ನೂ ಅವರೇ ಕಟ್ಟಿದರು. ಅವನು ಗೆದ್ದನು.

ವಿಧಾನಸಭೆಗೂ ಅವನು ಹಳೆಯ ಖಾಕಿ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೋದನು. ಜನ ತಮ್ಮ ಕಷ್ಟವನ್ನು ಕಾಗದದಲ್ಲಿ ಬರೆದು ಆ ಚೀಲಕ್ಕೆ ಹಾಕುತ್ತಿದ್ದರು. ಅವನು ಅದನ್ನು ಸದನಕ್ಕೆ ಪ್ರಶ್ನೆಯಾಗಿ ಬರೆದು ಕಳಿಸುತ್ತಿದ್ದನು. ಪ್ರಶ್ನೋತ್ತರ ಹನ್ನೊಂದು ಗಂಟೆಗೆ. ಸಭಾಧ್ಯಕ್ಷರು ಸದಸ್ಯನ ಹೆಸರನ್ನು ಕರೆಯುತ್ತಾರೆ. ಅವನು ಎದ್ದು ನಿಂತರೆ ಮಂತ್ರಿ ಎಲ್ಲರೆದುರು ಉತ್ತರ ಹೇಳಬೇಕು. ಕೆದಕಿ ಕೇಳಿದರೆ ಅದಕ್ಕೂ ಹೇಳಬೇಕು. ಅವನು ಇಲ್ಲದಿದ್ದರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೊದಲ ಐದು ವರ್ಷ ಅಂಚೆಯಣ್ಣ ಒಂದು ದಿನವೂ ಆ ಹೊತ್ತಿಗೆ ಕುರ್ಚಿ ಖಾಲಿ ಬಿಡಲಿಲ್ಲ. ಎರಡನೆಯ ಸಲ ಜನ ಅವನನ್ನು ಇನ್ನೂ ಹೆಚ್ಚು ಮತಗಳಿಂದ ಗೆಲ್ಲಿಸಿದರು.

ಅವನ ಕ್ಷೇತ್ರದಲ್ಲಿ, ಹಳ್ಳದ ನೀರಿನಲ್ಲಿ ಊರಿನ ಬಟ್ಟೆ ಒಗೆದು ಬದುಕುವ ಒಬ್ಬ ಹೆಂಗಸಿದ್ದಳು. ಹಳ್ಳದ ಮೇಲ್ಗಡೆ ಬಣ್ಣದ ಕಾರ್ಖಾನೆ ಬಂದಿತು. ನೀರು ಕೆಂಪಾಯಿತು. ಒಗೆದ ಬಟ್ಟೆಗೆ ಕಲೆ ಹತ್ತಿತು. ಅವಳ ಅಂಗೈ ಚರ್ಮ ಸುಲಿಯಿತು. ಊರವರು ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಅವಳು ಒಂದು ಕಾಗದ ಬರೆಸಿ ತಂದು ಚೀಲಕ್ಕೆ ಹಾಕಿದಳು.

“ಅಂಚೆಯಣ್ಣಾ, ಇದು ಮುಟ್ತದಲ್ಲಾ?”

“ನಾನು ಮುಟ್ಟಿಸದ ಕಾಗದ ಯಾವುದಾದರೂ ಇದೆಯೇನವ್ವಾ? ಬೇಕಾದರೆ ನೀನೇ ಬಂದು ನೋಡು,” ಎಂದು ಅವನು ನಕ್ಕನು. ಸದನದ ಗ್ಯಾಲರಿಯಲ್ಲಿ ಕುಳಿತುಕೊಳ್ಳಲು ಅವಳಿಗೆ ಪಾಸು ಕೊಡಿಸಿದನು.

ಪ್ರಶ್ನೆ ಬರುವ ಹಿಂದಿನ ಸಂಜೆ ಕಾರ್ಖಾನೆಯ ಮಾಲೀಕ ಶಾಸಕರ ಭವನಕ್ಕೆ ಬಂದನು. ಸುಳ್ಳು ಹೇಳಿ ಎನ್ನಲಿಲ್ಲ. ಪ್ರಶ್ನೆಯನ್ನು ಹಿಂತೆಗೆದುಕೊಳ್ಳಿ ಎನ್ನಲೂ ಇಲ್ಲ.

“ತಾವು ಏನೂ ಮಾಡಬೇಡಿ ಸಾಹೇಬರೇ. ಹನ್ನೊಂದು ಗಂಟೆಗೆ ಹೊರಗೆ ಬಂದು ಒಂದು ಕಾಫಿ ಕುಡಿಯಿರಿ. ಕಾಫಿ ಕುಡಿಯುವುದಕ್ಕೂ ಯಾರದಾದರೂ ಅಪ್ಪಣೆ ಬೇಕೇ?”

ಅಂಚೆಯಣ್ಣನ ಮಗಳು ವೈದ್ಯಕೀಯ ಕಾಲೇಜಿನ ಸೀಟಿಗಾಗಿ ಕಾದಿದ್ದಳು. ಮಾಲೀಕನಿಗೆ ಅದು ತಿಳಿದಿತ್ತು.

ಮರುದಿನ ಸಭಾಧ್ಯಕ್ಷರು ಹೆಸರನ್ನು ಕರೆದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದರು. ಖಾಕಿ ಚೀಲ ಮೇಜಿನ ಮೇಲಿತ್ತು. ಕುರ್ಚಿ ಖಾಲಿ ಇತ್ತು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು. ಗ್ಯಾಲರಿಯಲ್ಲಿ ಆ ಹೆಂಗಸು ಎದ್ದು ನಿಂತಳು. ಕಾವಲಿನವನು ಅವಳನ್ನು ಗದರಿಸಿ ಕೂರಿಸಿದನು. ಆ ಹೊತ್ತಿಗೆ ಅಂಚೆಯಣ್ಣ ಹೊರಗೆ, ಕಾಫಿಗೆ ಸಕ್ಕರೆ ಸಾಲದು ಎನ್ನುತ್ತಿದ್ದನು.

ಮಗಳಿಗೆ ಸೀಟು ಸಿಕ್ಕಿತು.

ಮೊದಲನೆಯ ಕಾಫಿ ಅವನಿಗೆ ಕಹಿಯಾಗಿತ್ತು. ಆಮೇಲಿನವು ಆಗಲಿಲ್ಲ. ಮರಳಿನವರು ಬಂದರು, ಮದ್ಯದವರು ಬಂದರು. ಅವರು ಇಟ್ಟುಹೋದುದನ್ನು ಅವನು ಎಂದೂ ಎಣಿಸಿ ನೋಡಲಿಲ್ಲ. ಎಣಿಸದಿರುವುದನ್ನೇ ಮರ್ಯಾದೆ ಎಂದು ತಿಳಿದನು. ಕಡೆಗೆ ಜನರ ಕಾಗದಕ್ಕಾಗಿ ಕಾಯುವುದನ್ನೂ ಬಿಟ್ಟನು. ಸಿರಿವಂತರು ಯಾರೆಂದು ನೋಡಿ ಅವರ ಮೇಲೆ ತಾನೇ ಪ್ರಶ್ನೆ ಬರೆದು ಕಳಿಸಿದನು. ಹೆದರಿದವರು ಬಂದು ಕಾಫಿಗೆ ಕರೆದರು. ಒಬ್ಬ ಕಲ್ಲುಗಣಿಯವನು ಹೆದರಲಿಲ್ಲ, ದೂರು ಕೊಟ್ಟನು. ಅವನು ತಂದ ನೋಟುಗಳಿಗೆ ಪೊಲೀಸರು ಮೊದಲೇ ಗುರುತು ಹಾಕಿದ್ದರು. ಅಂಚೆಯಣ್ಣ ತನ್ನ ಕೊಠಡಿಯಲ್ಲೇ ಸಿಕ್ಕಿಬಿದ್ದನು.

ನ್ಯಾಯಾಲಯದಲ್ಲಿ ಹಳೆಯ ಸಂಗತಿಗಳೂ ಹೊರಬಂದವು. ಅವನ ವಕೀಲ ವಾದಿಸಿದನು: “ನನ್ನ ಕಕ್ಷಿದಾರರು ಸದನದಲ್ಲಿ ಒಂದು ಸುಳ್ಳೂ ನುಡಿದಿಲ್ಲ. ಯಾವ ಆದೇಶಕ್ಕೂ ಸಹಿ ಹಾಕಿಲ್ಲ. ಎದ್ದು ಹೊರಗೆ ಹೋಗಿದ್ದಾರೆ, ಅಷ್ಟೇ.” ಬಳಿಕ ಸಾಕ್ಷಿಗೆ ಬಂದ ಆ ಹೆಂಗಸಿನ ಕಡೆ ತಿರುಗಿ, “ಸದನದ ನಿಯಮ ನಿನಗೇನು ಗೊತ್ತಮ್ಮಾ?” ಎಂದು ಹಂಗಿಸಿದನು.

“ನಿಯಮ ನಂಗೊತ್ತಿಲ್ಲ ಸಾಮಿ. ಹೆಸರು ಕೂಗಿದ್ದು ಕೇಳಿಸ್ತು. ಕುರ್ಚಿ ಕಾಣಿಸ್ತು.”

ಅವಳು ಆರೋಪಿಯತ್ತ ತಿರುಗಿ ಎರಡೂ ಅಂಗೈಗಳನ್ನು ಚಾಚಿದಳು. ಅವು ಇನ್ನೂ ಮಾಯ್ದಿರಲಿಲ್ಲ.

“ಅಂಚೆಯಣ್ಣಾ, ನನ್ನ ಕಾಗದ ಎಲ್ಲಿ?”

ಅಂಚೆಯಣ್ಣನ ಕೈ ತಾನಾಗಿ ಹೆಗಲಿಗೆ ಹೋಯಿತು. ಚೀಲವನ್ನು ಪೊಲೀಸರು ಜಪ್ತಿ ಮಾಡಿದ್ದರು.

ಶಿಕ್ಷೆಯಾಯಿತು. ಶಾಸಕನ ಸ್ಥಾನ ಹೋಯಿತು. ವೈದ್ಯೆಯಾದ ಮಗಳು ದವಾಖಾನೆಯ ಫಲಕದಲ್ಲಿ ತಂದೆಯ ಹೆಸರನ್ನು ಬಿಟ್ಟು ಬರೆಸಿದಳು. ಹಳ್ಳ ಈಗಲೂ ಕೆಂಪಾಗಿಯೇ ಹರಿಯುತ್ತಿದೆ.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯ ಕೇಳಿದನು:

“ಅವನು ಲಂಚ ತೆಗೆದುಕೊಂಡನು, ಗುರುಗಳೇ. ಅದು ಅಪರಾಧವೇ ಸರಿ. ಆದರೆ ಯಾರಿಂದಲೂ ಏನನ್ನೂ ಪಡೆಯದೆ, ಬರಿದೇ ದೂರ ಉಳಿದವನು?”

ಗುರುಗಳು ಕನ್ನಡಕ ಹಾಕಿಕೊಂಡು ಗೋಡೆಯ ಗಡಿಯಾರ ನೋಡಿದರು.

“ಈರಯ್ಯನ ಬಸ್ಸು ಹನ್ನೊಂದು ಗಂಟೆಗೆ.”

ಮೃತ್ಯುಂಜಯ ಎದ್ದು ಆಡಳಿತದವರ ಕೋಣೆಯತ್ತ ನಡೆದನು.