ಜಗಲಿಯ ಮೇಲಿನ ನೀಲಿ ಕೊಡ

"ಗುರುಗಳೇ, ಗೆದ್ದವರೆಲ್ಲ ಹೇಳುವುದು ಒಂದೇ ಮಾತು. ಬೇಗ ಏಳು, ಮನಸ್ಸಿಟ್ಟು ದುಡಿ, ಧೈರ್ಯಗೆಡಬೇಡ. ನಮ್ಮ ತಾತಂದಿರೂ ಇದನ್ನೇ ಕೇಳಿದರು, ಅವರೇನೂ ಗೆಲ್ಲಲಿಲ್ಲ. ನಾನೂ ಕೇಳಿದೆ, ಹೇಳಿದಂತೆಯೇ ನಡೆದೆ, ಇದ್ದಲ್ಲೇ ಇದ್ದೇನೆ. ಆದರೂ ಯಾರೋ ಇದೇ ಮಾತು ಹೇಳುತ್ತಾರೆ ಎಂದರೆ ಓಡಿಹೋಗಿ ಮುಂದೆ ಕೂರುತ್ತೇನೆ. ಮಾತಿನಲ್ಲಿ ದೋಷವೋ, ನನ್ನಲ್ಲಿ ದೋಷವೋ?"

ಕೇಳಿದವನು ಮುರಿಗೆಪ್ಪನೆಂಬ ಶಿಷ್ಯ. ಮಠಕ್ಕೆ ಬರುವ ಮೊದಲು ಅವನು ಹಿಡಿದ ಕೆಲಸಗಳಲ್ಲಿ ಒಂದೂ ಅವನ ಕೈಹಿಡಿದಿರಲಿಲ್ಲ. ಬಂದ ಮೇಲೂ ಕತ್ತಲಿರುವಾಗಲೇ ಏಳುವುದನ್ನು ಬಿಟ್ಟಿರಲಿಲ್ಲ. ತಾನು ಎದ್ದು ಉಳಿದವರ ನಿದ್ದೆಯನ್ನೂ ಕೆಡಿಸುತ್ತಿದ್ದ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ನೀಲಿ ಉಳಿದ ಬಣ್ಣಗಳ ಹಾಗಲ್ಲ, ಕುದಿಸಿ ಅದ್ದಿದರೆ ಹತ್ತುವುದಿಲ್ಲ. ದೊಡ್ಡ ಮಣ್ಣಿನ ಬಾನಿಯಲ್ಲಿ ನೀಲಿಗಟ್ಟಿ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿಯಲು ಬಿಡಬೇಕು. ಹುಳಿ ಸರಿಯಾಗಿ ಬಂದರೆ ಅದ್ದಿದ ನೂಲು ಹಸಿರಾಗಿ ಮೇಲೆದ್ದು, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಬಾರದಿದ್ದರೆ ನೂಲು ಬೂದಿಬಣ್ಣಕ್ಕೆ ತಿರುಗುತ್ತದೆ, ಬಾನಿಯಲ್ಲಿದ್ದುದನ್ನೆಲ್ಲ ಚೆಲ್ಲಬೇಕು. ಯಾರ ಬಾನಿ ಯಾವಾಗ ಏಕೆ ಕೆಡುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಈ ಬಣ್ಣಗಾರನ ಬಾನಿ ಮಾತ್ರ ಕೆಟ್ಟದ್ದೇ ಇಲ್ಲ.

ಸುತ್ತಲಿನ ಬಣ್ಣಗಾರರು ಬಂದು ಅವನ ಗುಟ್ಟು ಕೇಳಿದರು. ಅವನಲ್ಲಿ ಗುಟ್ಟು ಇರಲಿಲ್ಲ, ತಾನು ದಿನವೂ ಮಾಡುವುದನ್ನೇ ಹೇಳಿದ. ಕೋಳಿ ಕೂಗುವ ಮೊದಲು ಏಳಿ, ಸ್ನಾನ ಮಾಡಿ ಬಾನಿ ಕಲಕಿ, ಸಿಡುಕಬೇಡಿ, ಕೆಟ್ಟರೆ ಕೈಚೆಲ್ಲಿ ಕೂರಬೇಡಿ ಎಂದ. ಕೇಳಿದವರಿಗೆ ಮೈ ಜುಮ್ಮೆಂದಿತು. ಮನೆಗೆ ಹೋಗಿ ಹಾಗೆಯೇ ಮಾಡಿದರು. ಕೆಲವರ ಬಾನಿ ಸರಿಹೋಯಿತು. ಅವರು ಬಂದು ಅವನ ಕಾಲಿಗೆ ಬಿದ್ದರು. ಹಲವರದು ಕೆಟ್ಟಿತು. ಅವರು ತಾವೇ ಎಲ್ಲೋ ಒಂದು ದಿನ ಹೊತ್ತಾಗಿ ಎದ್ದಿರಬೇಕೆಂದು ತಮ್ಮನ್ನೇ ಬೈದುಕೊಂಡು, ಇನ್ನೊಮ್ಮೆ ಕೇಳಿಸಿಕೊಳ್ಳಲು ಬಂದರು. ಮಾತಿನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ನೋಡು ಮುರಿಗೆಪ್ಪ, ಮಾತಿಗೆ ಇದಕ್ಕಿಂತ ಸುಖದ ಬಾಳು ಬೇಕೆ?

ಬಣ್ಣಗಾರನಿಗೆ ಒಬ್ಬಳೇ ಮಗಳು. ಅವಳನ್ನು ಹೊಳೆಯಾಚೆಯ ಬಣ್ಣಗಾರರ ಮನೆಗೆ ಕೊಟ್ಟ. ಆ ಮನೆಯ ಬಾನಿ ಪದೇ ಪದೇ ಕೆಡುತ್ತಿತ್ತು. ಇಂಥವನ ಮಗಳು ಕಾಲಿಟ್ಟರೆ ಸರಿಹೋದೀತೆಂದೇ ಅವರು ಈ ಸಂಬಂಧ ಬೆಳೆಸಿದ್ದರು. ಅಪ್ಪ ಹೊಸ ಬಾನಿಯೊಂದನ್ನು ಕೊಂಡು, ಥಳಥಳ ತೊಳೆದು ಮಗಳೊಂದಿಗೆ ಕಳಿಸಿದ. ಅವಳು ತವರಿನಲ್ಲಿ ಕಂಡಂತೆಯೇ ಎಲ್ಲ ಮಾಡಿದಳು. ಬಾನಿ ಕೆಟ್ಟಿತು. ಮತ್ತೆ ಹಾಕಿದಳು, ಮತ್ತೆ ಕೆಟ್ಟಿತು. ಅಷ್ಟರವರೆಗೆ ಸುಮ್ಮನಿದ್ದ ಅತ್ತೆ ಕಾಲ್ಗುಣದ ಮಾತೆತ್ತಿದಳು. ಇನ್ನೊಂದು ಸಲ ಕೆಟ್ಟರೆ ತವರಿಗೆ ಕಳಿಸಿಬಿಡುತ್ತೇವೆ, ತಿರುಗಿ ಕರೆಸುವುದಿಲ್ಲ ಎಂದಳು.

ಮೂರನೆಯ ಸಲ ಹಾಕುವ ಮೊದಲು ಮಗಳು ತವರಿಗೆ ಬಂದು ಅಪ್ಪನ ಮುಂದೆ ಕೂತಳು. ಅವನಿಗೆ ಬೇರೇನೂ ತೋಚಲಿಲ್ಲ. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿ, ಕೋಳಿ ಕೂಗುವ ಮೊದಲು ಏಳುತ್ತೀಯೇನವ್ವ ಎಂದು ಕೇಳಿದ.

"ಅಪ್ಪಾ, ಈ ಮನೇಲಿ ನಿನಗಿಂತ ಮೊದಲು ಎದ್ದು ನಿನ್ನ ಸ್ನಾನಕ್ಕೆ ನೀರು ಕಾಯಿಸ್ತಿದ್ದವಳು ನಾನು. ನೀನೂ ಹಿಂಗೇ ಕೇಳ್ತೀಯಾ?"

ಬಣ್ಣಗಾರ ತಬ್ಬಿಬ್ಬಾದ. ಬಂದುಹೋಗುವವರಿಗೆ ಕೊರತೆ ನಿಮ್ಮಲ್ಲೇ ಎನ್ನುವುದು ಸುಲಭವಾಗಿತ್ತು. ಮಗಳಿಗೆ ಹಾಗೆನ್ನಲು ಬಾಯಿ ಬರಲಿಲ್ಲ. ತಾನು ಗೆದ್ದದ್ದು ಯಾತರಿಂದ ಎಂದು ಅವನು ಅಂದು ಮೊದಲ ಸಲ ಯೋಚಿಸಿದ. ತಿಳಿಯಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಮರುದಿನ ಅವನು ಬಾನಿಯ ಹಳೆಯ ನೀರನ್ನು ಚೊಂಬಿನಿಂದ ಮೊಗೆದು ಹೊರಗೆ ಹಾಕುತ್ತಿದ್ದ. ಮಗಳು ನೋಡುತ್ತ ನಿಂತಿದ್ದಳು. ಉಳಿದವರ ಬಾನಿ ನೆಲದ ಮೇಲೆ ಕೂತಿರುತ್ತದೆ, ಪ್ರತಿ ಸಲವೂ ಅದನ್ನು ಮಗುಚಿ ತಿಕ್ಕಿ ತೊಳೆಯುತ್ತಾರೆ. ಅವನದು ಅಜ್ಜನ ಕಾಲದ್ದು, ಕತ್ತಿನವರೆಗೆ ನೆಲದಲ್ಲಿ ಹೂತದ್ದು. ಮಗುಚುವಂತಿಲ್ಲ. ನಿಂತು ಎಷ್ಟು ಬಗ್ಗಿದರೂ ಚೊಂಬು ತಳಕ್ಕೆ ಎಟಕುವುದಿಲ್ಲ. ತಳದಲ್ಲಿ ಸ್ವಲ್ಪ ನೀರು ಯಾವಾಗಲೂ ಉಳಿಯುತ್ತಿತ್ತು, ಅದರ ಮೇಲೆಯೇ ಅವನು ಹೊಸದನ್ನು ಹಾಕುತ್ತಿದ್ದ. ಬಾನಿ ತೊಳೆಯಲಾಗುವುದಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೇ ಇತ್ತು. ಹಾಗಾಗಿ ಬಂದವರ ಮುಂದೆ ಅದರ ಸುದ್ದಿ ಎತ್ತುತ್ತಿರಲಿಲ್ಲ. ಮಗಳಿಗಾದರೂ ಚೊಕ್ಕವಾದದ್ದಿರಲಿ ಎಂದು ಹೊಸ ಬಾನಿ ಕೊಟ್ಟಿದ್ದ.

ಹುಟ್ಟಿದಂದಿನಿಂದ ನೋಡಿದ್ದನ್ನು ಮಗಳು ಅಂದು ಗಮನಿಸಿದಳು. ಅವಳಿಗೆ ಹಾಲಿಗೆ ಹಾಕುವ ಹೆಪ್ಪು ನೆನಪಾಯಿತು. ನೆಲದ ಮೇಲೆ ಬೋರಲು ಮಲಗಿ, ತೋಳು ಇಳಿಬಿಟ್ಟು, ತಳದ ನೀರನ್ನು ಒಂದು ಕೊಡಕ್ಕೆ ತುಂಬಿಕೊಂಡು ಗಂಡನ ಮನೆಗೆ ಹೋದಳು. ಅದನ್ನು ಹಾಕಿದ ಮೇಲೆ ಅವಳ ಬಾನಿಗೆ ಹುಳಿ ಬಂತು. ನೂಲು ಹಸಿರಾಗಿ ಎದ್ದು ಅತ್ತೆಯ ಕಣ್ಣೆದುರೇ ನೀಲಿಯಾಯಿತು. ಅತ್ತೆ ಮತ್ತೆ ಕಾಲ್ಗುಣದ ಮಾತನ್ನೇ ಎತ್ತಿದಳು, ಈ ಸಲ ಹೊಗಳುವುದಕ್ಕೆ.

ಬಣ್ಣಗಾರ ಮಗಳನ್ನು ನೋಡಲು ಹೋದ. ಅವಳು ಗಂಡನ ಮನೆಯಲ್ಲಿ ಉಳಿದುಕೊಂಡಳೆಂದು ಅವನಿಗೆ ಸಂತೋಷವಾಗಿತ್ತು. ಒಳಗೆ ಏನೋ ಕುಸಿದಂತೆಯೂ ಆಗಿತ್ತು.

"ಹಂಗಾದ್ರೆ ನಾನು ಇಷ್ಟು ವರ್ಷ ಎದ್ದಿದ್ದೆಲ್ಲ ದಂಡವೇನವ್ವ?"

"ಗೊತ್ತಿಲ್ಲಪ್ಪ. ಆ ನೀರಿಲ್ಲದಾಗ ಎಷ್ಟು ಬೇಗ ಎದ್ದರೂ ಬಾನಿ ಕೆಡ್ತು. ಮೊನ್ನೆ ಜ್ವರ ಬಂದು ಮಲಗಿಬಿಟ್ಟೆ, ಕಲಕೋರಿಲ್ಲದೆ ಅದೇ ನೀರು ಹಾಕಿದ್ದೂ ಕೆಡೋಕೆ ಬಂತು. ನನಗೂ ತಿಳೀವಲ್ದು."

ಅಂದಿನಿಂದ ಬಣ್ಣಗಾರ ಉಪದೇಶ ನಿಲ್ಲಿಸಿದ. ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲಪ್ಪ ಎನ್ನುತ್ತಿದ್ದ. ಅವನಿಗೆ ಸೊಕ್ಕು ಬಂದಿದೆ, ಗುಟ್ಟು ಮುಚ್ಚಿಡುತ್ತಿದ್ದಾನೆ ಎಂದು ಜನ ಆಡಿಕೊಂಡರು. ಆಮೇಲೆ ಎಲ್ಲರೂ ಮಗಳ ಮನೆಯ ದಾರಿ ಹಿಡಿದರು. ಅವಳು ಏನನ್ನೂ ಮುಚ್ಚಿಡಲಿಲ್ಲ. ನನ್ನ ಬಾನಿ ಉಳಿದದ್ದು ತಳದ ನೀರಿನಿಂದ ಎಂದು ಬಂದವರಿಗೆಲ್ಲ ಬಿಡಿಸಿ ಹೇಳಿದಳು. ಆ ನೀರನ್ನು ಕೊಡದಲ್ಲಿ ತುಂಬಿ ಜಗಲಿಯ ಮೇಲಿಟ್ಟು, ಬೇಕಾದವರು ಒಯ್ಯಿರಿ ಎಂದಳು. ದಿನವೆಲ್ಲ ಜನ ಬಂದರು, ಕೂತು ಕೇಳಿದರು, ಮುಖ ಅರಳಿಸಿಕೊಂಡು ಹೋದರು. ಸಂಜೆ ನೋಡಿದರೆ ಕೊಡ ತುಂಬಿದಂತೆಯೇ ಇತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮುರಿಗೆಪ್ಪ ತಲೆ ಕೆರೆದುಕೊಂಡ. ಮಾತೇ ಸುಳ್ಳು ಎಂದು ಗುರುಗಳು ಹೇಳಿಬಿಡುತ್ತಾರೆಂದು ಅವನು ಕತೆಯ ನಡುವೆ ಎಣಿಸಿದ್ದ. ಮಗಳಿಗೆ ಜ್ವರ ಬಂದು ಬಾನಿ ಕೆಡಲು ಬಂತೆಂದು ಕೇಳಿದಾಗ ಮಾತು ನಿಜವೇ ಇರಬೇಕೆನಿಸಿತು. ತನಗೆ ಬೇಕಾದ ತಳದ ನೀರು ಯಾವುದು, ಅದು ಯಾರ ಮನೆಯಲ್ಲಿದೆ ಎಂಬ ಯೋಚನೆ ಬಂದೊಡನೆ ತಲೆ ಗಿರ್ರೆಂದಿತು.

"ಎಲ್ಲ ಕಲಸಿಹೋಯಿತು, ಗುರುಗಳೇ. ನೀರಿನ ವಿಚಾರ ಹಾಗಿರಲಿ. ನಾಳೆಯಿಂದ ನಾನು ಎಷ್ಟು ಹೊತ್ತಿಗೆ ಏಳಲಿ? ಅದೊಂದನ್ನು ಹೇಳಿಬಿಡಿ."

"ಬಂದವರೆಲ್ಲ ಆ ತುಂಬಿದ ಕೊಡದ ಎದುರು ನಿಂತು ಅವಳನ್ನೂ ಇದನ್ನೇ ಕೇಳಿದರು."