ಮೇಕೆ ಹತ್ತಿದ ಹರಿಗೋಲು

ಹೊಳೆ ದಂಡೆ ಮೇಲೆ ಹಂಪಯ್ಯ ಅಂತ ಒಬ್ರು ಗುರುಗಳಿದ್ರು. ಕಥೆ ಕಟ್ಟೋದು ಕಲಿಸ್ತಿದ್ರು. ಅವರು ಕಥೆ ಶುರು ಮಾಡಿದ್ರೆ ಹೊಳೆ ಹರಿಯೋದು ಬಿಟ್ಟು ನಿಂತು ಕೇಳ್ತಿತ್ತು. ಸುಳ್ಳಲ್ಲ. ಕೆಳಗಿನ ಊರೋರು ನೀರು ಬರ್ತಿಲ್ಲ ಅಂತ ಜಗಳಕ್ಕೆ ಬಂದಿದ್ರು.

ಶಿಷ್ಯ ಕೊಟ್ರೇಶ. ದೆವ್ವದ ಕಥೆ ಬರೆಯೋಕೆ ಹುಣಸೆಮರದ ಕೆಳಗೆ ಕೂರ್ತಿದ್ದ. ಯಾರೋ ದೊಡ್ಡ ಲೇಖಕರು ಹಂಗೆ ಕೂರ್ತಿದ್ರಂತೆ. ಪ್ರೇಮಕಥೆಗೆ ಕಿವೀಲಿ ಮಲ್ಲಿಗೆ ಸಿಕ್ಕಿಸ್ಕೊಳ್ತಿದ್ದ. ಅದು ಇನ್ಯಾರದೋ ಪದ್ಧತಿ. ಪತ್ತೇದಾರಿ ಕಥೆ ಆದ್ರೆ ಮೊದಲು ಕೊನೆ ಬರೆದಿಡೋದು. ನಗೆಕಥೆ ಆದ್ರೆ ಏನೂ ಯೋಚನೆ ಮಾಡದೆ ಶುರು ಹಚ್ಚೋದು.

ಎಲ್ಲಾ ಅರ್ಧಕ್ಕೇ ನಿಂತಿದ್ವು.

ಒಂದಿನ ಗಂಟು ಕಟ್ಟಿದ.

"ಹೋಗ್ತೀನಿ ಗುರುಗಳೇ. ಆಚೆ ದಂಡೇಲಿ ಭಾವ ಗಾಡಿ ಹೂಡ್ಕೊಂಡು ಕಾಯ್ತಿದ್ದಾರೆ. ಅವರ ಅಕ್ಕಿ ಗಿರಣಿ ನೋಡ್ಕೋತೀನಿ. ಇನ್ನು ಬರೆಯಲ್ಲ."

"ಸರಿ. ನಾನೂ ಆಚೆಗಂಟ ಬರ್ತೀನಿ. ಹರಿಗೋಲಿಗೆ ಹುಟ್ಟು ನೀನೇ ಹಾಕು."

ಕೊಟ್ರೇಶ ಯಾವತ್ತೂ ಹರಿಗೋಲು ನಡೆಸಿದೋನಲ್ಲ. ಆದ್ರೆ ಅಂಬಿಗರನ್ನ ನೋಡಿದ್ದ. ಎದ್ದು ನಿಂತು ಹುಟ್ಟು ಹಾಕಿದ. ಹರಿಗೋಲು ಗಿರಗಿರ ತಿರುಗಿತು. ಕುಕ್ಕರುಗಾಲಲ್ಲಿ ಕೂತ. ಇನ್ನೂ ಜೋರಾಗಿ ತಿರುಗಿತು. ಹೊಳೇಲಿದ್ದ ಮೀನುಗಳಿಗೆಲ್ಲ ತಲೆಸುತ್ತು ಬಂತು.

"ಅಂಬಿಗರ ದುರುಗ ನಿಂತೇ ಹಾಕ್ತಾನಲ್ಲ!"

"ಅವನ ಹೊಟ್ಟೆ ನೋಡಿದೀಯಾ?" ಅಂದ್ರು ಗುರುಗಳು. "ಆ ಹೊಟ್ಟೆ ಇದ್ರೆ ನೀನೂ ನಿಲ್ಲು."

"ಮತ್ತೆ ನಾನು ಹೆಂಗಿರಲಿ?"

ಗುರುಗಳು ಎಲೆಅಡಿಕೆ ಬಾಯಿಗೆ ಹಾಕ್ಕೊಂಡ್ರು.

ಮುಂದೆ ಬಂಡೆ ಕಾಣಿಸ್ತು. ಹೆದರಿದ ಕೊಟ್ರೇಶ ಒಂದು ಮೊಣಕಾಲೂರಿ, ಮುಂದಕ್ಕೆ ಬಗ್ಗಿ, ಹುಟ್ಟನ್ನ ಎಳೆದ. ಭೂಮಿ ಮೇಲೆ ಯಾವ ಅಂಬಿಗನೂ ಹಂಗೆ ಕೂತಿದ್ದಿಲ್ಲ. ಹರಿಗೋಲು ನೆಟ್ಟಗಾಯ್ತು. ಹಂಗೇ ಆಚೆ ದಂಡೆ ಮುಟ್ಟಿತು.

"ಬೇಗ ಗಾಡಿ ಹತ್ತೋ ಕೊಟ್ರ, ಎತ್ತು ನಿಲ್ತಿಲ್ಲ," ಅಂತ ಭಾವ ಕೂಗಿದ.

ದಂಡೇಲಿ ಒಬ್ಬಳು ಮುದುಕಿ ಮೇಕೆ ಹಿಡ್ಕೊಂಡು ನಿಂತಿದ್ದಳು. "ನನ್ನನ್ನ ಆ ಕಡೆ ಬಿಡ್ತೀಯೇನಪ್ಪಾ?"

ಕೊಟ್ರೇಶ ಗಾಡಿ ನೋಡಿದ. ಕೈಲಿದ್ದ ಹುಟ್ಟು ನೋಡಿದ. ಗಂಟು ಹರಿಗೋಲಲ್ಲೇ ಇತ್ತು. ಗುರುಗಳೂ ಇಳಿದಿರಲಿಲ್ಲ.

"ಭಾವ, ನೀವು ಹೊರಡಿ."

"ಯಾಕೋ? ಏನಾಯ್ತೋ?"

"ಮೇಕೆ ಕಾಯ್ತಿದೆ."

ಮುದುಕೀನ, ಮೇಕೇನ ಹತ್ತಿಸ್ಕೊಂಡು ಮೊಣಕಾಲೂರಿ ಹುಟ್ಟು ಹಾಕಿದ. ಮುಖ ಅರಳಿತ್ತು.

"ಸಿಕ್ತು ಗುರುಗಳೇ! ಇನ್ನು ದೆವ್ವದ ಕಥೆ ಆಗಲಿ, ಪ್ರೇಮಕಥೆ ಆಗಲಿ, ಎಲ್ಲಾ ನಂದೇ ಥರ, ಒಂದೇ ಥರ ಬರೀತೀನಿ."

ಅಷ್ಟರಲ್ಲಿ ಮೇಕೆ ಎದ್ದು ಒಂದು ಅಂಚಿಗೆ ಹೋಯ್ತು. ಮೇಕೆ ಅಂದ್ರೆ ಎಮ್ಮೆಯಷ್ಟಿತ್ತು. ಹರಿಗೋಲು ಮತ್ತೆ ಗಿರಗಿರ.

"ಅಯ್ಯೋ, ಈಗ ತಾನೇ ಸಿಕ್ಕಿದ್ದು ಕೆಟ್ಟೋಯ್ತಲ್ಲ! ದುರುಗನ ಥರ ನಿಂತ್ಕೊಳ್ಳಲಾ?"

ಗುರುಗಳು ಎಲೆಅಡಿಕೆ ಹೊಳೆಗೆ ಉಗಿದ್ರು.

"ಮೊಣಕಾಲು ನಿಂದೇ ಇರಲಿ. ಮೇಕೆ ಯಾವ ಕಡೆ ಇದೆ ನೋಡ್ಕೊಂಡು ಅದನ್ನ ಊರು."