ಯಾರನ್ನು ಬೈದೆಯೋ ಅವರೆದುರು

ತುಂಗಭದ್ರೆಯ ದಂಡೆಯಲ್ಲಿ ಪಂಪಣ್ಣ ಗುರುಗಳು ರ‍್ಯಾಪ್ ಕಲಿಸುತ್ತಿದ್ದ ಆಶ್ರಮಕ್ಕೆ ಇದ್ದದ್ದು ಒಂದೇ ನಿಯಮ. ಯಾರನ್ನು ಬೈದು ಹಾಡು ಕಟ್ಟುತ್ತೀರೋ, ಆಲ್ಬಂ ಬಿಡುಗಡೆಗೆ ಮೊದಲು ಅವರೆದುರು ನಿಂತು ಆ ಹಾಡು ಹೇಳಬೇಕು.

ಎಲ್ಲರೂ ಅದನ್ನು ಮುರಿದಿದ್ದರು. ಹಿರಿಯ ಶಿಷ್ಯ ಜಡೆಪ್ಪ ಎರಡು ಆಲ್ಬಂ ತಂದಿದ್ದ. ಎರಡರಲ್ಲೂ ಬೈಸಿಕೊಂಡವರ ಕಿವಿಗೆ ಹಾಡು ಬಿದ್ದದ್ದು ಊರೆಲ್ಲ ಕೇಳಿ ನಕ್ಕಾದ ಮೇಲೆ.

ಶಿಷ್ಯೆ ಹೊನ್ನೂರಿಯ ಮೊದಲ ಆಲ್ಬಂ ಅಂದು ಸಂಜೆ ಬರಬೇಕಿತ್ತು. ಎಂಟು ಹಾಡು. ಎಂಟನೆಯದು ಗುರುಗಳನ್ನೇ ಬೈದದ್ದು.

ಬೆಳಿಗ್ಗೆಯೇ ಆಲ್ಬಂ ಕಂಪನಿಯವರ ಫೋನು. "ಓಡುವುದೇ ಆ ಎಂಟನೆಯದು, ಮೇಡಂ. ಹ್ಞೂಂ ಅನ್ನಿ ಸಾಕು."

"ಗುರುಗಳೆದುರು ಹೇಳದೆ ಹ್ಞೂಂ ಅನ್ನುವುದಿಲ್ಲ."

"ಬೇಡ ಅಂದುಬಿಟ್ಟರೆ?"

"ಆಗಲೂ ಬಿಡುತ್ತೇನೆ. ಮೊದಲು ಹೇಳಿಯೇ ಬಿಡುತ್ತೇನೆ."

ಕೇಳಿಸಿಕೊಂಡ ಜಡೆಪ್ಪ ಹಣೆ ಚಚ್ಚಿಕೊಂಡ. "ಏ ಹುಚ್ಚೀ, ಸಂಜೆ ಬಿಡು, ನಾಳೆ ಕಾಲಿಗೆ ಬೀಳು. ಎದುರು ನಿಂತು ಹೇಳಿದರೆ ಗಂಟುಮೂಟೆ ಕಟ್ಟಿಸುತ್ತಾರೆ!"

ಆರು ವರ್ಷ ಗುರುಗಳ ಬಳಿ ಉಸಿರು ಹಿಡಿಯಲು ಕಲಿತವಳು ಹೊನ್ನೂರಿ. ಹೊರಗೆ ಹಾಕಿದರೆ ಅವಳಿಗೆ ಬೇರೆ ಗುರುವಿಲ್ಲ. ಆದರೂ ಹೊಳೆಗಿಳಿದಳು. ಕುತೂಹಲ ತಡೆಯದೆ ಜಡೆಪ್ಪನೂ ಹಿಂದೆ ಬಂದ.

ಗುರುಗಳು ಬಂಡೆಯ ಮೇಲೆ ಕೂತಿದ್ದರು.

"ಗುರುಗಳೇ, ನಿಮ್ಮ ಮೇಲೊಂದು ಹಾಡಿದೆ."

"ಹೊಗಳಿದ್ದೋ?"

"ಬೈದದ್ದು."

"ಹೇಳು." ಅವರು ಅಂಗೈಯಿಂದ ಬಂಡೆಗೆ ತಾಳ ಹಾಕತೊಡಗಿದರು.

ಹೊನ್ನೂರಿ ಹೇಳಿದಳು. ಯಂಕೋಬ ಎಂಬ ಗೆಳೆಯನೊಂದಿಗೆ ಗುರುಗಳು ರಾಕ್ ತಂಡ ಕಟ್ಟಿದ್ದು, ಜಗಳವಾಡಿ ಬೇರೆಯಾಗಿದ್ದು, ಅವನ ಹೆಸರು ಹಿಡಿದು ಬೈದ ಹಾಡಿನಿಂದಲೇ ದೊಡ್ಡವರಾಗಿದ್ದು. ಯಂಕೋಬ ಆ ಹಾಡನ್ನು ಮೊದಲು ಕೇಳಿದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ. ಅಂದು ಕೆಳಗಿಟ್ಟ ಗಿಟಾರನ್ನು ಮತ್ತೆ ಮುಟ್ಟಲಿಲ್ಲ. ಈಗ ಗಂಗಾವತಿಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಿಯಮ ಮಾಡಿದವರೇ ಅದನ್ನು ಎಲ್ಲರಿಗಿಂತ ಮೊದಲು ಮುರಿದವರು.

ತಾಳ ಒಮ್ಮೆಯೂ ತಪ್ಪಲಿಲ್ಲ.

"ಹೆಸರೆಲ್ಲಿ?" ಎಂದರು ಗುರುಗಳು.

"ಯಾವ ಹೆಸರು?"

"ನನ್ನದು. ಬಂದಲ್ಲೆಲ್ಲ ನುಂಗಿದೆ. ಯಂಕೋಬನ ಹೆಸರನ್ನು ನಾನು ನುಂಗಿರಲಿಲ್ಲ. ಮತ್ತೆ ಹೇಳು."

ಅವಳು ಕಾಲು ಊರಿ ನಿಂತು ಮೊದಲಿನಿಂದ ಹಿಡಿದಳು. ಈ ಸಲ 'ಪಂಪಣ್ಣ' ಎಂಬುದು ಆಚೆ ದಂಡೆಯ ಬಂಡೆಗಳಿಗೆ ಬಡಿದು ಹಿಂದಕ್ಕೆ ಬಂತು. ಬಟ್ಟೆ ಒಗೆಯುವ ಹೆಂಗಸರ ಕೈ ನಿಂತಿತು. ಜಡೆಪ್ಪ ತನಗೇ ತಿಳಿಯದೆ ಚಪ್ಪಾಳೆ ಹಾಕುತ್ತಿದ್ದ. ನಡುನೀರಿನಲ್ಲಿ ಹರಿಗೋಲಿನವನು ಹುಟ್ಟು ಎತ್ತಿ ಹಿಡಿದು ಕೂಗಿದ: "ಇನ್ನೊಂದ್ಸಲ ಆಗ್ಲಿ, ಅಕ್ಕಾ!"

ಹೊನ್ನೂರಿ ನಕ್ಕುಬಿಟ್ಟಳು. ಅಲ್ಲೇ ನಿಂತು ಕಂಪನಿಗೆ ಫೋನ್ ಮಾಡಿದಳು. "ಹ್ಞೂಂ. ಬಿಡಿ."

"ಯಂಕೋಬನನ್ನು ನೋಡಿ ಬಂದೆಯಲ್ಲ," ಎಂದರು ಗುರುಗಳು. "ಏನಂದ?"

"'ಎದುರು ಹೇಳಿದ್ದರೆ ಉತ್ತರ ಕೊಡುತ್ತಿದ್ದೆ' ಅಂದರು."

ಗುರುಗಳು ಎದ್ದು ಪಂಚೆ ಕೊಡವಿಕೊಂಡರು.

"ಅವನ ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತೆ?"